ಝಾನ್ ಎಂದು ಕೂಗಿದಾಗ

ವೆನಿಸ್,
ಫೆಬ್ರವರಿ ೨೬, ೧೫೮೦

ಪ್ರೀತಿಯ ಅಣ್ಣ ಝಾನ್‌ಗೆ, ತಮ್ಮ ಬೊರ್ತೊಲೊ ಕೈಗೆ ಮುತ್ತಿಟ್ಟು ಬರೆಯುವುದು.

ಪಾದ್ರಿಯವರಿಂದ ಬರೆಸಿದ ನಿನ್ನ ಕಾಗದ ತಲುಪಿತು. ನಿನ್ನ ಮಗಳು ಮದ್ದಲೇನಾಳ ಮದುವೆ ಮುರಿದದ್ದು ತಿಳಿಯಿತು. ಆದರೆ ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿದ್ದೀಯಲ್ಲ, ಇದು ಯಾವ ನ್ಯಾಯ?

ನಾನು ಆಡುವ ನಾಟಕದ ಕೋಡಂಗಿಗೆ ನಿನ್ನ ಹೆಸರಿಟ್ಟವನು ನಾನಲ್ಲ. ನಮ್ಮ ಬೆರ್ಗಮೊ ಬೆಟ್ಟದಿಂದ ಇಳಿದು ಬಂದ ಹಮಾಲಿಗಳಲ್ಲಿ ಅರ್ಧ ಜನ ಜೊವಾನ್ನಿಗಳೇ. ಅಷ್ಟುದ್ದ ಕರೆಯುವ ತಾಳ್ಮೆ ಯಾರಿಗಿದೆ? ಝಾನ್ ಆಯಿತು, ಝಾನ್ನಿ ಆಯಿತು. ಮೂಟೆ ಹೊರುವವನೂ ಝಾನ್ನಿ, ರಂಗದ ಮೇಲೆ ಒದೆ ತಿನ್ನುವ ಆಳೂ ಝಾನ್ನಿ. ಊರು ಕಟ್ಟಿದ ಹೆಸರಿನಿಂದ ನಾನು ಹೊಟ್ಟೆ ಹೊರೆಯುತ್ತೇನೆ, ಅಷ್ಟೇ.

ದೋಣಿ ಕಟ್ಟುವ ಮರ್ಕಾಂತೋನಿಯೊ ಬೀಗನಾಗಬೇಕಿದ್ದವನು. ಅವನನ್ನು ನಾಟಕಕ್ಕೆ ಕರೆತಾ ಎಂದು ನಿನಗೆ ಹೇಳಿದವರು ಯಾರು? ಉಣ್ಣೆ ವ್ಯಾಪಾರಿ ಎಂದು ಅವನಿಗೆ ಸುಳ್ಳು ಹೇಳಿ, ನೀನು ಎರವಲು ನಿಲುವಂಗಿ ತೊಟ್ಟು ಠೀವಿಯಿಂದ ಕೂತಿದ್ದೆ. ರಂಗದ ಮೇಲೆ ಮುದುಕ ಯಜಮಾನ, "ಲೋ ಝಾನ್! ಎಲ್ಲಿ ಸತ್ಯೋ?" ಎಂದು ಕೂಗಿದ. ಇಪ್ಪತ್ತು ವರ್ಷ ಬಂದರಿನ ಕಟ್ಟೆಯಲ್ಲಿ ಅದೇ ಕೂಗಿಗೆ ಓಡಿದವನು ನೀನು. ಧಡಕ್ಕನೆ ಎದ್ದು, "ಬಂದೆ ಬುದ್ಧೀ!" ಎಂದು ಬೆನ್ನು ಬಗ್ಗಿಸಿ ನಿಂತೆ! ಜನ ಬಿದ್ದು ಬಿದ್ದು ನಕ್ಕರು. ಮರ್ಕಾಂತೋನಿಯೊ, "ಉಣ್ಣೆ ವ್ಯಾಪಾರಿಯಂತೆ! ಇವನ ಬೆನ್ಮೇಲೆ ಒಂದು ಮೂಟೆ ಹಾಕ್ರಯ್ಯಾ!" ಎಂದು ಎದ್ದು ಹೋದ.

ದೇವರಾಣೆಗೂ ನೀನು ಅಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ. ಮುಖವಾಡದ ತೂತಿನಲ್ಲಿ ಏನು ಕಾಣುತ್ತದೆ ಮಹಾ?

ಅದು ನಾಟಕದಲ್ಲೇ ಇದ್ದ ತಮಾಷೆ, ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು ಎಂದು ಬೀಗನಿಗೆ ನಾನು ಒಂದು ಮಾತು ಹೇಳಿದರೆ ಮದುವೆ ಉಳಿಯುತ್ತದೆ ಎಂದು ಬೇಡಿಕೊಂಡಿದ್ದೀಯ. ಹೇಳಲಾರೆ ಅಣ್ಣ. ಇದು ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಸುಳ್ಳಾಡಿ ಪಾಪ ಕಟ್ಟಿಕೊಳ್ಳಲೇ? ಹುಡುಗಿಯನ್ನು ಮಠಕ್ಕೆ ಸೇರಿಸು. ಅಲ್ಲಿ ಅಪ್ಪನ ಹೆಸರು ಕೇಳಿ ಯಾರೂ ನಗುವುದಿಲ್ಲ.

ನಿನ್ನ ಒಡಹುಟ್ಟಿದ,
ಬೊರ್ತೊಲೊ

ಮರೆತ ಮಾತು: ಪಾದ್ರಿಯವರೇ, ಅಣ್ಣನಿಗೆ ಗಟ್ಟಿಯಾಗಿ ಓದಿ ಹೇಳುವುದನ್ನು ಇಲ್ಲಿಗೆ ನಿಲ್ಲಿಸಿ. ಇದು ನನ್ನ ಪಾಪನಿವೇದನೆ, ತಾವು ಅಣ್ಣನಿಗೆ ಹೇಳುವಂತಿಲ್ಲ. ಆ ದಿನ ಯಜಮಾನ ಕೂಗಬೇಕಿದ್ದ ಆಳಿನ ಹೆಸರು ಬತ್ತಿಸ್ತಾ. ಆಟ ಸಪ್ಪೆಯಾಗಿತ್ತು, ಒಬ್ಬನೂ ನಗುತ್ತಿರಲಿಲ್ಲ. ಪರದೆಯ ಸಂದಿಯಲ್ಲಿ ಅಣ್ಣ ಕಂಡ. ಝಾನ್ ಎಂದು ಕೂಗು, ಒಬ್ಬ ಎದ್ದೇ ಏಳುತ್ತಾನೆ ಎಂದು ಮುದುಕನ ಕಿವಿಯಲ್ಲಿ ಹೇಳಿದವನು ನಾನೇ. ಈಸ್ಟರ್ ಕಳೆದ ಮೇಲೆ ಪಾದುವಾದಲ್ಲೂ ಅದೇ ಆಟ. ಜನರ ನಡುವೆ ಏಳಲು ಒಬ್ಬ ನಟನನ್ನು ಗೊತ್ತುಮಾಡಿದ್ದೇವೆ, ಆದರೆ ಅವನಿಗೆ ಅಣ್ಣನಷ್ಟು ಚೆನ್ನಾಗಿ ಬೆನ್ನು ಬಗ್ಗಿಸಲು ಬರುವುದಿಲ್ಲ.