ಮೊಲಗಳ ವರದಿಯನ್ನು ಪೂರ್ತಿ ಓದಿ

ಮಾನ್ಯ ಔಷಧ ನಿರ್ದೇಶಕರೇ,

ಸಿಫಿಲಿಸ್ ತಗಲಿದ ಬಸುರಿಯರಿಗೆ ಪೆನಿಸಿಲಿನ್ ಚುಚ್ಚುಮದ್ದಿನ ಬದಲು ಮಾತ್ರೆ ಕೊಟ್ಟರೆ ಸಾಕೆಂದು ತಾವು ಹೊರಡಿಸಿದ ಸುತ್ತೋಲೆ ತಪ್ಪು. ಅದಕ್ಕೆ ಆಧಾರವೆಂದು ತಾವು ತೋರಿಸಿರುವ ಮೊಲಗಳ ಅಧ್ಯಯನ ನನ್ನದು. ಆದ್ದರಿಂದ ತಪ್ಪೆನ್ನುವ ಅಧಿಕಾರ ನನಗೆ ತುಸುವಾದರೂ ಇದೆ ಎಂದುಕೊಂಡಿದ್ದೇನೆ.

ನಾವು ಮಾಡಿದ್ದು ಇಷ್ಟು. ರೋಗ ತಗಲಿದ ಮೊಲಗಳಲ್ಲಿ ಕೆಲವಕ್ಕೆ ಪೆನಿಸಿಲಿನ್, ಕೆಲವಕ್ಕೆ ಮಾತ್ರೆಯ ಔಷಧ ಕೊಟ್ಟೆವು. ಎರಡು ಗುಂಪಿನಲ್ಲೂ ಹುಣ್ಣು ಮಾಯಿತು. ತಾವು ಓದಿದ್ದು ಅಲ್ಲಿಯವರೆಗೆ. ಆಮೇಲೆ ನಾವು, ವಾಸಿಯಾದಂತೆ ಕಂಡ ಮೊಲಗಳ ಕಾಲಿನ ಗ್ರಂಥಿಯನ್ನು ಅರೆದು ಆರೋಗ್ಯವಂತ ಮೊಲಗಳಿಗೆ ಚುಚ್ಚಿದೆವು. ಪೆನಿಸಿಲಿನ್ ಗುಂಪಿನಿಂದ ಒಂದಕ್ಕೂ ರೋಗ ಬರಲಿಲ್ಲ. ಮಾತ್ರೆ ಗುಂಪಿನಿಂದ ಹಲವಕ್ಕೆ ಬಂತು. ಹೊರಗೆ ಹುಣ್ಣಿಲ್ಲದಿದ್ದರೂ ರೋಗಾಣು ಒಳಗೇ ಅಡಗಿ ಕೂತಿತ್ತು. ಅದನ್ನು ದಪ್ಪ ಅಕ್ಷರದಲ್ಲೇ ಅಚ್ಚು ಹಾಕಿಸಿದ್ದೆವು. ಪುಟ ತಿರುಗಿಸಲು ತಮ್ಮಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲವೇ?

ನನ್ನ ತಂಗಿ ಬಸುರಿಯಾಗಿದ್ದಾಗ ರಕ್ತಪರೀಕ್ಷೆಯಲ್ಲಿ ಸಿಫಿಲಿಸ್ ಎಂದು ಬಂತು. ನಾಚಿಕೆಯಿಂದ ಅವಳು ನನಗೂ ಹೇಳಲಿಲ್ಲ. ಆಸ್ಪತ್ರೆಯ ನರ್ಸ್ ಮಾತ್ರೆ ಕೈಗಿಟ್ಟು, "ಇಂಜೆಕ್ಷನ್ ಈಗ ಕೊಡಲ್ಲಮ್ಮ, ಮೇಲಿಂದ ಆರ್ಡರ್ ಬಂದಿದೆ. ಹೆದರ್ಬೇಡ, ಮೊಲಗಳ ಮೇಲೆ ನೋಡಿದಾರಂತೆ, ಎರಡೂ ಒಂದೇ ಅಂತೆ" ಎಂದರಂತೆ. ಮೊಲ ಎಂದರೆ ಅಕ್ಕನ ಕೆಲಸ. ಅಕ್ಕ ನೋಡಿದ್ದರೆ ಸರಿಯಾಗಿಯೇ ನೋಡಿರುತ್ತಾಳೆ ಎಂದು ಒಂದೂ ತಪ್ಪಿಸದೆ ನುಂಗಿದಳು. ರೋಗದಿಂದ ಮೈಮೇಲೆ ಎದ್ದಿದ್ದ ಗುಳ್ಳೆಗಳು ಹೋದವು.

ಮಗು ಹುಟ್ಟಿದಾಗ ಅದರ ಹೊಟ್ಟೆ ಊದಿತ್ತು, ಅಂಗಾಲಿನ ಚರ್ಮ ಸುಲಿಯುತ್ತಿತ್ತು; ತಾಯಿಯ ರೋಗ ಅದಕ್ಕೂ ಇಳಿದಿತ್ತು. ಅಂದು ತಂಗಿ ಎಲ್ಲವನ್ನೂ ಹೇಳಿ, "ಆ ಮೊಲಗಳ ಪರೀಕ್ಷೆ ನೀನೇ ಮಾಡಿದ್ದಲ್ವಾ ಅಕ್ಕಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನೇ ಕಣೇ. ಆದ್ರೆ ನಾನು ಹಾಗೆ ಹೇಳಿರ್ಲಿಲ್ಲ."

ಅಂದಿನಿಂದ ತಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದೇನೆ. ಪ್ರತಿ ಸಲವೂ ಸೌಜನ್ಯದಿಂದ ಕುರ್ಚಿ ಕೊಟ್ಟರು. ಕುರ್ಚಿಯ ವಿಷಯದಲ್ಲಿ ತಮ್ಮ ಇಲಾಖೆಯ ಮೇಲೆ ನನ್ನ ದೂರಿಲ್ಲ. "ಮೇಡಂ, ಸ್ಟಾಕ್ ಇಲ್ಲ, ಏನಾದ್ರೂ ಕೊಡ್ಬೇಕಲ್ಲ" ಎಂದು ಕೊನೆಗೊಬ್ಬ ಅಧಿಕಾರಿ ಪಿಸುಗುಟ್ಟಿದರು. ಚುಚ್ಚುಮದ್ದು ಇಲ್ಲವಾದರೆ ಇಲ್ಲವೆಂದು ಹೇಳಿ, ಸ್ವಾಮಿ. ಅದಕ್ಕೆ ನನ್ನ ಮೊಲಗಳನ್ನು ಸಾಕ್ಷಿಗೆ ಎಳೆಯುವುದೇಕೆ?

ಇದನ್ನು ಬರೆಯಲೇ ಎಂದು ತಂಗಿಯನ್ನು ಕೇಳಿದೆ. "ಬರಿ. ಆ ಮಾತ್ರೆ ನುಂಗ್ತಾ ಇರೋರು ಇನ್ನೂ ಇದಾರಲ್ಲ" ಎಂದಳು.

ಆದ್ದರಿಂದ ಸುತ್ತೋಲೆಯನ್ನು ಇಂದೇ ಹಿಂತೆಗೆದುಕೊಳ್ಳಿ. ಮಾತ್ರೆ ಪಡೆದ ಪ್ರತಿ ಬಸುರಿಯನ್ನೂ ಮತ್ತೆ ಕರೆಸಿ, ಎಲ್ಲಿಂದಾದರೂ ಪೆನಿಸಿಲಿನ್ ತರಿಸಿ ಕೊಡಿ. ನಮ್ಮ ಮಗುವಿಗೂ ಹೊರಗಿನಿಂದ ತರಿಸಿದ ಪೆನಿಸಿಲಿನ್ನೇ ರಕ್ತನಾಳದ ಮೂಲಕ ಹೋಯಿತು, ಬದುಕಿತು. ಈ ರೋಗ ಕಿವಿಯನ್ನೂ ಕೆಡಿಸಬಲ್ಲದು; ಮಗುವಿಗೆ ಕಿವಿ ಕೇಳುತ್ತದೆಯೋ ಇಲ್ಲವೋ ವೈದ್ಯರು ಇನ್ನೂ ಹೇಳಿಲ್ಲ. ತಂಗಿ ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾಳೆ, ಬಗ್ಗಿ ಅದರ ಮುಖ ನೋಡುತ್ತಾಳೆ, ಮತ್ತೆ ತಟ್ಟುತ್ತಾಳೆ.

ಇಂತಿ,
ಹೇಳಿ ಹೇಳಿ ಸಾಕಾದ ಪಶುವೈದ್ಯೆ,
ಆ ಮಗುವಿನ ದೊಡ್ಡಮ್ಮ