ಮೊದಲ ಏಟು ಎಷ್ಟು ಅಂದೆಯಲ್ಲ, ಅಣ್ಣ

ಶಿವರಾಜಣ್ಣನಿಗೆ, ಹಾರೋಹಳ್ಳಿಯ ನಿನ್ನ ತಂಗಿ ಕುಸುಮ ಬರೆಯುವುದು.

ಫೋನಿನಲ್ಲಿ ಕೇಳಿದರೆ ನೀನು ನಕ್ಕು ಮಾತು ತೇಲಿಸಿಬಿಡುತ್ತೀಯ. ಅದಕ್ಕೇ ಈ ಕಾಗದವನ್ನು ಅತ್ತಿಗೆಯ ಕೈಗೆ ಕೊಟ್ಟು ಹೋಗುತ್ತಿದ್ದೇನೆ. ಪೂರ್ತಿ ಓದು.

ಹೋದ ವರ್ಷ ನೀನು "ಮೋಟಾರ್ ಮಾಡಿವ್ನಿ, ಬಾ" ಎಂದು ಕರೆದಾಗ ಅತ್ತಿಗೆ ಅದು ಬೋರ್‌ವೆಲ್ ಮೋಟಾರೇ ಅಂದುಕೊಂಡಿದ್ದರು. ಕನಕಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು ಇನ್ಯಾವುದನ್ನು ಮಾಡಿಯಾನು? ನೋಡಿದರೆ ರಾಕೆಟ್ಟಿನದು! ಮೊಳದುದ್ದದ ಪೈಪು, ಒಳಗೆ ಗಟ್ಟಿಸಿ ತುಂಬಿದ ಮದ್ದು. ಫ್ಯಾಕ್ಟರಿಯಲ್ಲಿ ನಾನು ಸ್ಪ್ರಿಂಗುಗಳ ಒತ್ತಡ ಅಳೆಯುವವಳು ಅಂತ ತಾನೇ ನನ್ನನ್ನು ಕರೆದದ್ದು. ರೇಷ್ಮೆಗೂಡು ತೂಗುವ ಹಳೇ ಮುಳ್ಳಿನ ತಕ್ಕಡಿಯ ಮೇಲೆ ಪೈಪನ್ನು ತಲೆಕೆಳಗು ನಿಲ್ಲಿಸಿ, ಬೆಂಕಿ ಬರುವ ಬಾಯಿ ಆಕಾಶಕ್ಕೆ ಮಾಡಿ, ಉದ್ದಕ್ಕೆ ವೈರು ಎಳೆದು ಬಂಡೆಯ ಹಿಂದೆ ಕೂತೆವು. ಮುಳ್ಳಿನ ಎದುರಿಗೆ ನನ್ನ ಮೊಬೈಲು. ಆಮೇಲೆ ವಿಡಿಯೋ ನಿಧಾನಕ್ಕೆ ಓಡಿಸಿ, ಪೈಪಿನ ತೂಕ ಕಳೆದು, "ಹನ್ನೊಂದು ಕೆಜಿ ಒತ್ತಿದೆ ಅಣ್ಣ" ಅಂದಾಗ ನೀನು ಕುಣಿದುಬಿಟ್ಟೆ. "ಜೋರೊಂದೇ ಸಾಲ್ದು ಕಣವ್ವ, ಎಷ್ಟೊತ್ತು ತಳ್ತದೆ ಅದ್ನೂ ನೋಡು. ಆಗ್ಲೇ ಮ್ಯಾಕ್ಕೋಗೋದು" ಅಂದವನೂ ನೀನೇ.

ಅತ್ತಿಗೆ ಬಿದ್ದ ಮೇಲೆ ನೀನು ಬೇರೆಯೇ ಮನುಷ್ಯನಾದೆ. ಆನೆ ರಾಗಿ ಹೊಲಕ್ಕೆ ನುಗ್ಗಿದಾಗ ಓಡಿ, ಬದುವಿನಿಂದ ಜಾರಿ ಅವರು ಕಾಲು ಮುರಿದುಕೊಂಡರಲ್ಲ. ಅವರು ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಮತ್ತೆ ನನ್ನನ್ನು ಕರೆದೆ. ನಿನ್ನ ಮನಸ್ಸು ಹಗುರಾಗಲಿ ಅಂತ ಬಂದೆ. ಅವತ್ತು ಎಷ್ಟು ಹೊತ್ತು ಉರಿಯಿತು ಅಂತ ನೀನು ಕೇಳಲೇ ಇಲ್ಲ. "ಮೊದಲ ಏಟು ಎಷ್ಟು?" ಅಂತ ಮಾತ್ರ ಕೇಳಿದೆ. ಹಚ್ಚಿದ ಕೂಡಲೇ ತಳ್ಳುವ ಜೋರೊಂದೇ ಸಾಕಿತ್ತು ನಿನಗೆ.

ಅದರ ಮುಂದಿನ ಸಲ ನೀನು ಪೈಪನ್ನು ಗಾಲಿಯ ಹಲಗೆಗೆ ಮಲಗಿಸಿ ಕಟ್ಟಿ, ಹಿಂದೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದ್ದೆ. ಮಲಗಿಸಿದ್ದು ಯಾಕೆ ಅಂತ ನಾನು ಕೇಳಿದೆ. "ನಿಂತ್ರೇನು, ಮಲಗಿದ್ರೇನು, ಅಳತೆ ಒಂದೇ ಕಣವ್ವ" ಅಂದೆ ನೀನು. ಅಳತೆ ಒಂದೇ, ನಿಜ. ಆದರೆ ನೀನು ಅದನ್ನು ಕಾಡಿನ ಕಡೆ ನೋಡುತ್ತಾ ಹೇಳಿದೆ.

ಅಂದಿನಿಂದ ನಿನ್ನ ಒಂದೊಂದು ಮಾತನ್ನೂ ತಿರುಗಿಸಿ ನೋಡುವಂತಾಯಿತು. ಒಡಹುಟ್ಟಿದವನ ಮೇಲೆ ಅನುಮಾನ ಪಡುವುದು ಎಂಥ ಹಿಂಸೆ ಗೊತ್ತಾ? ನನಗೇ ತಲೆ ಕೆಟ್ಟಿದೆ ಅಂದುಕೊಂಡೆ. ಅಷ್ಟರಲ್ಲಿ ಚನ್ನಪಟ್ಟಣದಿಂದ ಗೌಸ್ ಫೋನ್ ಮಾಡಿದ, ನಿನ್ನ ರಾಕೆಟ್ಟಿಗೆ ಮರದ ಮೂತಿ ಕಡೆದುಕೊಡುತ್ತಿದ್ದವನು. "ಅಕ್ಕ, ನಿಮ್ಮಣ್ಣ ಮರದ್ದು ಬ್ಯಾಡ ಅಂದ್ಬುಟ್ರು. ಕಬ್ಬಿಣದ್ದೇ ಆಗ್ಬೇಕಂತೆ, ಚೂಪಾಗಿ. ನಾಕು ಮಾಡ್ಸಿಕೊಟ್ಟೆ. ಯಾಕೋ ಭಯ ಆಯ್ತೈತೆ" ಅಂದ. ಅವತ್ತೇ ಸಂಜೆ ನಿನ್ನನ್ನು ಕೇಳಿದರೆ "ಅದೆಲ್ಲ ಬುಟ್ಬುಟ್ಟೆ ಕಣವ್ವ" ಅಂದೆ.

ಇವತ್ತು ನೀನು ಅಂಗಡಿಗೆ ಹೋದ ಮೇಲೆ ನಾನು ನಿಮ್ಮ ಮನೆಗೆ ಬಂದೆ. ನೀನು ಪೈಪು ಇಡುವ ಶೆಡ್ಡಿನ ಬೀಗದ ಕೈ ಕೊಟ್ಟವರು ಅತ್ತಿಗೆಯೇ. ಅವರನ್ನು ಬೈಯಬೇಡ. "ನನ್ ಕಾಲು ಹೆಂಗೋ ಕೂಡ್ಕತ್ತದೆ ಕುಸುಮ. ಇವ್ರು ಜೈಲಿಗೋದ್ರೆ ನಾನೇನ್ ಮಾಡ್ಲಿ?" ಅಂತ ಅತ್ತರು. ಮೂತಿ ಸಮೇತ ತುಂಬಿಟ್ಟ ಪೈಪುಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದೇನೆ. ಸಿಕ್ಕಿದ್ದು ಮೂರೇ. ನಾಲ್ಕನೆಯದು ಎಲ್ಲಿ, ಅಣ್ಣ?

ಆ ಆನೆಯ ಮೇಲೆ ನನಗೂ ಸಿಟ್ಟಿದೆ. ಆದರೆ ನಿನ್ನ ಪೈಪು ಎಷ್ಟು ತಳ್ಳುತ್ತದೆ ಅಂತ ನಾನು ಅಳೆದಿದ್ದೇನೆ. ಎತ್ತ ಹೋಗುತ್ತದೆ ಅಂತ ನೀನೂ ಅಳೆದಿಲ್ಲ. ಗಾಯಗೊಂಡ ಆನೆ ಸುಮ್ಮನೆ ಕಾಡಿಗೆ ಹೋಗುವುದಿಲ್ಲ, ಪಕ್ಕದ ಹೊಲದಲ್ಲಿ ಇನ್ಯಾರೋ ಸಿಗುತ್ತಾರೆ. ಪೈಪು ಸಿಡಿದರೆ ನೀನೇ ಇರುವುದಿಲ್ಲ.

ನಾಳೆ ಮಧ್ಯಾಹ್ನದವರೆಗೆ ಹಾರೋಹಳ್ಳಿಯ ಮನೆಯಲ್ಲಿ ಕಾಯುತ್ತೇನೆ. ಅದನ್ನು ನಿನ್ನ ಕೈಯಾರೆ ನೀರಿಗೆ ಹಾಕಿ, ಬಂದು ಹೇಳು. ಬರದಿದ್ದರೆ ಅರಣ್ಯ ಇಲಾಖೆಯ ಕಚೇರಿಗೆ ನಾನೇ ಹೋಗುತ್ತೇನೆ. ಆಮೇಲೆ ಬದುಕಿರುವವರೆಗೂ ನನ್ನ ಮುಖ ನೋಡಬೇಡ ಬೇಕಾದರೆ. ಬದುಕಿರು, ಅಷ್ಟೇ.

ಅತ್ತಿಗೆಯ ಕಾಲು ಬೇಗ ನೆಟ್ಟಗಾಗಲಿ, ನಿನ್ನ ಕೈಗೆ ಕೆಟ್ಟದ್ದು ಅಂಟದಿರಲಿ ಎಂದು ಬೇಡಿಕೊಳ್ಳುವ,
ನಿನ್ನ ತಂಗಿ
ಕುಸುಮ