ಒಗೆಯಬಾರದಿದ್ದ ಅಂಗಿ

ಮೇ ೧೪, ಬೊಹೋಲ್ ದ್ವೀಪ.

ಕೊನೆಯ ದಿನವೇ ನನ್ನ ಕೈಯಿಂದ ಎಂಥ ತಪ್ಪಾಯಿತು! ಮಾರಿವೆಲ್ ಅಕ್ಕ ನಾಳೆ ಹಾಂಗ್‌ಕಾಂಗಿನ ಮನೆಗೆಲಸಕ್ಕೆ ವಾಪಸು, ಇನ್ನೆರಡು ವರ್ಷ ಬರುವುದಿಲ್ಲ. ಅವಳ ಮಗಳು ಜುವಿ ನನ್ನ ಹತ್ತಿರವೇ ಇರುತ್ತಾಳೆ. ತಾಯಿ ತೊಟ್ಟ ಅಂಗಿಯನ್ನು ಒಗೆಯದೆ ಇಟ್ಟು, ಮಗು ಅದನ್ನು ತಬ್ಬಿ ಮಲಗಿದರೆ ಜ್ವರ ಹತ್ತಿರ ಸುಳಿಯದು. ಅದಕ್ಕೆಂದೇ ಅಕ್ಕ ಬೆಳಿಗ್ಗೆ ಮ್ಯೂಸಿಯಂಗೂ ಮಧ್ಯಾಹ್ನ ಕಡಲ ದಂಡೆಗೂ ಅದೇ ಹಳದಿ ಅಂಗಿ ತೊಟ್ಟಿದ್ದಳು. ತಿಮಿಂಗಿಲದ ಮೂಳೆ ಕಂಡು ಹೆದರಿದ ಜುವಿ ಅದರಲ್ಲೇ ಮುಖ ಹುದುಗಿಸಿದ್ದಳು. ನಾನೋ, ಮರಳು ಮೆತ್ತಿದೆಯೆಂದು ರೂಮಿಗೆ ಬಂದವಳೇ ಸೋಪು ಹಾಕಿ ತಿಕ್ಕಿಬಿಟ್ಟೆ.

"ನಿನ್ ವಾಸನೆ ಎಲ್ಲಾ ಹೋಯ್ತಲ್ಲೇ ಅಕ್ಕಾ! ಮಗೂಗೆ ಏನಾದ್ರೂ ಆದ್ರೆ?" ಎಂದು ಅಳತೊಡಗಿದೆ.

"ಥೂ, ಹುಚ್ಚಿ! ನನ್ ಬೆವರಿಗೇನ್ ಬರ ಬಂದಿದ್ಯಾ? ಫ್ಯಾನ್ ಆರ್ಸು," ಎಂದು ನಕ್ಕು, ಬೇರೆ ಅಂಗಿ ತೊಟ್ಟು, ಅದರ ಮೇಲೆ ವಿಮಾನಕ್ಕೆಂದು ಇಟ್ಟಿದ್ದ ಸ್ವೆಟರನ್ನೂ ಹಾಕಿಕೊಂಡು ಮಲಗಿದಳು.

ಈಗ ಸೆಕೆಯಲ್ಲಿ ಬೇಯುತ್ತಿದ್ದಾಳೆ. ಹೋದ ಸಲ ಅವಳು ಹೋದ ಮೇಲೆ ಎಷ್ಟೋ ರಾತ್ರಿ ನಿದ್ದೆಹೋದ ಮಗುವಿನ ಕೈಯಿಂದ ಅಂಗಿ ಬಿಡಿಸಿಕೊಂಡು ನಾನೇ ಮೂಸಿದ್ದೇನೆ. ಯಾರಿಗೂ ಗೊತ್ತಿಲ್ಲ. ನನಗೂ ಒಂದು ಬಿಟ್ಟುಹೋಗು ಅಂತ ಈ ವಯಸ್ಸಿನಲ್ಲಿ ಹೇಗೆ ಕೇಳುವುದು? ನಾಳೆ ಆ ಸ್ವೆಟರನ್ನು ಅವಳು ಮರೆತರೆ ನಾನಂತೂ ನೆನಪಿಸುವುದಿಲ್ಲ. ಆದರೆ ವಿಮಾನದಲ್ಲಿ ಅವಳಿಗೆ ಚಳಿಯಾದರೆ...